ಸಂಪಾದಕರ ಉತ್ತರ: ಚೌಕ ಎಷ್ಟು ವಾಲಬೇಕೆಂದು ಹೇಳಿದವರು ಯಾರು?

ಮಾನ್ಯ ಮೇಷ್ಟ್ರೇ,

ಕಂಪ್ಯೂಟರ್ ಕಲೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ಪತ್ರದಲ್ಲಿ ಸಿಟ್ಟಿದೆ, ಆದರೆ ಹಗುರವಾದ ಮಾತು ಒಂದೂ ಇಲ್ಲ. ನೀವು ಕೇಳಿರುವುದರ ಸಾರ ಇಷ್ಟು: ಲೆಕ್ಕದಿಂದ ಹುಟ್ಟಿದ್ದರಲ್ಲಿ ಭಾವ ಎಲ್ಲಿಂದ ಬರಬೇಕು? ಗುಂಡಿ ಒತ್ತಿದರೆ ಸಾವಿರ ಚಿತ್ರ ಬರುವಲ್ಲಿ ಸಾಧನೆಗೆ ಏನು ಬೆಲೆ? ಇದನ್ನೂ ಕಲೆಯೆಂದು ಪತ್ರಿಕೆಗಳೇ ಬರೆದರೆ ತರಗತಿಯ ಮಕ್ಕಳು ಪೆನ್ಸಿಲ್ ಯಾಕೆ ಹಿಡಿಯಬೇಕು? ನಾಲ್ಕು ಸಾಲಿನಲ್ಲಿ ಮುಗಿಸುವ ಪ್ರಶ್ನೆಗಳಲ್ಲ ಇವು. ಹಾಗಾಗಿ ಈ ಸಲದ ಪುಟ ಪೂರ್ತಿ ನಿಮಗೇ.

ವಾದಕ್ಕಿಳಿಯುವ ಮೊದಲು ಒಂದು ಚಿತ್ರವನ್ನು ಒಟ್ಟಿಗೆ ನೋಡೋಣ. ಗಿಯೋರ್ಗ್ ನೇಸ್ ಎಂಬ ಜರ್ಮನ್ ಗಣಿತಜ್ಞ 1968ರ ಸುಮಾರಿಗೆ ಮಾಡಿದ್ದು, ಹೆಸರು ‘ಶೋಟರ್’, ಅಂದರೆ ಜಲ್ಲಿಕಲ್ಲು. ಅಡ್ಡಕ್ಕೆ 12, ಉದ್ದಕ್ಕೆ 22, ಒಟ್ಟು 264 ಚೌಕಗಳು. ಬಣ್ಣವಿಲ್ಲ, ಬರೀ ಗೆರೆ. ಮೇಲಿನ ಸಾಲುಗಳಲ್ಲಿ ಚೌಕಗಳು ಒಂದಕ್ಕೊಂದು ಅಂಟಿಕೊಂಡು ಶಿಸ್ತಾಗಿ ನಿಂತಿವೆ. ಕೆಳಗಿಳಿದಂತೆ ಒಂದು ಚೂರು ವಾಲುತ್ತದೆ, ಪಕ್ಕದ್ದು ತುಸು ಜಾರುತ್ತದೆ, ಕೊನೆಯ ಸಾಲುಗಳ ಹೊತ್ತಿಗೆ ಎಲ್ಲವೂ ಕಳಚಿ ಚೆಲ್ಲಾಪಿಲ್ಲಿ. ಪ್ರೋಗ್ರಾಮಿನ ಒಳಗಿರುವುದು ತೀರ ಸರಳ ಸೂಚನೆ. ಪ್ರತಿ ಚೌಕವನ್ನೂ ಅದರ ಜಾಗದಿಂದ ಒಂದಿಷ್ಟು ಸರಿಸು, ಒಂದಿಷ್ಟು ತಿರುಗಿಸು. ಎಷ್ಟು ಎಂಬುದನ್ನು ಯಾದೃಚ್ಛಿಕ ಸಂಖ್ಯೆ, ಅಂದರೆ ದಾಳ ಉರುಳಿಸಿದಂತೆ ಆಕಸ್ಮಿಕವಾಗಿ ಬರುವ ಸಂಖ್ಯೆ, ತೀರ್ಮಾನಿಸಲಿ. ಆದರೆ ಆ ಸಂಖ್ಯೆಗೆ ಕೊಟ್ಟ ಮಿತಿ ಸಾಲಿನಿಂದ ಸಾಲಿಗೆ ಹಿಗ್ಗುತ್ತ ಹೋಗಲಿ.

ಆ ಮಿತಿಯನ್ನು ಇಟ್ಟವರು ನೇಸ್. ಯಂತ್ರಕ್ಕೆ ಅದು ಗೊತ್ತಾಗುವ ಸಂಗತಿಯೇ ಅಲ್ಲ. ಮಿತಿಯನ್ನು ಬೇಗ ಹಿಗ್ಗಿಸಿದ್ದರೆ ಮೂರನೆಯ ಸಾಲಿಗೇ ಗಲಿಬಿಲಿ ಶುರುವಾಗಿ ಚಿತ್ರ ಕೆಡುತ್ತಿತ್ತು. ನಿಧಾನವಾಗಿ ಹಿಗ್ಗಿಸಿದ್ದರೆ ಕೊನೆಯವರೆಗೂ ಏನೂ ಆಗುತ್ತಿರಲಿಲ್ಲ. ಮುದ್ರಿತ ಪ್ರತಿ ಸಿಕ್ಕರೆ ನಿಮ್ಮ ಕಣ್ಣು ಎಲ್ಲಿ ತಂಗುತ್ತದೆ ಗಮನಿಸಿ. ಮೇಲೆಯೂ ಅಲ್ಲ, ಕೆಳಗೂ ಅಲ್ಲ. ಶಿಸ್ತು ಸಡಿಲಲು ಶುರುವಾಗುವ ಆ ಕೆಲವು ಸಾಲುಗಳಲ್ಲಿ. ಚಿತ್ರದ ಚೆಲುವೆಲ್ಲ ಅಲ್ಲಿದೆ, ಅದನ್ನು ಅಲ್ಲಿ ಇಟ್ಟದ್ದು ಒಬ್ಬ ಮನುಷ್ಯ.

ಸೌಂದರ್ಯವನ್ನೇ ಅಳೆದುಬಿಡುವ ಪ್ರಯತ್ನವೂ ನಡೆದಿದೆ. ಅಮೆರಿಕದ ಗಣಿತಜ್ಞ ಜಾರ್ಜ್ ಬರ್ಕಾಫ್ 1933ರಲ್ಲಿ ಒಂದು ಸೂತ್ರ ಕೊಟ್ಟರು: ಕ್ರಮವನ್ನು ಸಂಕೀರ್ಣತೆಯಿಂದ ಭಾಗಿಸಿದರೆ ಸೌಂದರ್ಯದ ಅಳತೆ ಸಿಗುತ್ತದೆ ಎಂದು. 90 ಬಹುಭುಜಾಕೃತಿಗಳನ್ನು ಆ ಸೂತ್ರಕ್ಕೆ ಒಡ್ಡಿದಾಗ ಮೊದಲ ಸ್ಥಾನ ಬಂದದ್ದು ಚೌಕಕ್ಕೆ. ನೇಸ್ ಅವರ ಚಿತ್ರದಲ್ಲಿರುವುದೂ ಚೌಕವೇ, ಆದರೆ ಅದು ನಮ್ಮನ್ನು ಹಿಡಿದು ನಿಲ್ಲಿಸುವುದು ವಾಲಿದಾಗ. ಲೆಕ್ಕಕ್ಕೆ ರುಚಿ ತೀರ್ಮಾನಿಸಲು ಬರುವುದಿಲ್ಲ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನಿಮ್ಮೊಂದಿಗೆ ನನಗಿರುವ ಭಿನ್ನಾಭಿಪ್ರಾಯ ಒಂದೇ: ಲೆಕ್ಕವನ್ನು ಬಳಸಿದ ಮಾತ್ರಕ್ಕೆ ರುಚಿಯನ್ನು ಅದರ ಕೈಗೆ ಒಪ್ಪಿಸಿದಂತಾಗುವುದಿಲ್ಲ. ಯಾವುದನ್ನು ನಿಯಮಕ್ಕೆ ಬಿಡಬೇಕು, ಯಾವುದನ್ನು ಆಕಸ್ಮಿಕಕ್ಕೆ ಬಿಡಬೇಕು, ಬಂದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ತೀರ್ಮಾನಗಳಲ್ಲಿ ಕಲೆ ಇದೆ. ಆ ತೀರ್ಮಾನ ಇಲ್ಲದ ಕಡೆ ಕಲೆಯೂ ಇಲ್ಲ, ಕೈಯಿಂದಲೇ ಬಿಡಿಸಿದ್ದರೂ ಸರಿ.

ನಮ್ಮ ಲೇಖನದಲ್ಲಿದ್ದ ಮೈಕೆಲ್ ನೋಲ್ ಅವರ ಪ್ರಯೋಗದ ಬಗ್ಗೆ ನೀವು ಕಟುವಾಗಿ ಬರೆದಿದ್ದೀರಿ. ಓದದವರಿಗಾಗಿ ಎರಡು ಮಾತು: ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿದ್ದ ನೋಲ್, ಡಚ್ ಚಿತ್ರಕಾರ ಮೊಂಡ್ರಿಯಾನ್ 1917ರಲ್ಲಿ ಬಿಡಿಸಿದ ಚಿಕ್ಕ ಚಿಕ್ಕ ಕಪ್ಪು ಗೆರೆಗಳ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು 1964ರಲ್ಲಿ ಅದೇ ಬಗೆಯ ಚಿತ್ರವನ್ನು ಕಂಪ್ಯೂಟರಿನಿಂದ ಮಾಡಿಸಿದರು. ಎರಡರ ನಕಲು ಪ್ರತಿಗಳನ್ನೂ 100 ಜನರಿಗೆ ತೋರಿಸಿದರು. 59 ಜನ ಕಂಪ್ಯೂಟರಿನದೇ ಚೆನ್ನಾಗಿದೆ ಎಂದರು. ಯಾವುದು ಕಂಪ್ಯೂಟರಿನದು ಎಂದು ಸರಿಯಾಗಿ ಗುರುತಿಸಿದವರು 28 ಜನ. ಇದರಿಂದ ಯಂತ್ರ ಮೊಂಡ್ರಿಯಾನರನ್ನು ಸೋಲಿಸಿತು ಎಂದು ಯಾರಾದರೂ ಹೇಳಿದರೆ ಅದು ತಪ್ಪು, ಆ ಮಟ್ಟಿಗೆ ನಿಮ್ಮ ಸಿಟ್ಟು ನ್ಯಾಯವೇ. ನಕಲು ಪ್ರತಿಯಲ್ಲಿ ಬಣ್ಣದ ಮೈ ಉಳಿಯುವುದಿಲ್ಲ, ಕ್ಯಾನ್ವಾಸಿನ ಅಳತೆ ಉಳಿಯುವುದಿಲ್ಲ. ಅಲ್ಲಿ ಹೋಲಿಕೆಯಾದದ್ದು ಗೆರೆಗಳ ಜೋಡಣೆ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಹೀಗೊಂದು ಜೋಡಣೆ ಚಿತ್ರವಾಗಬಲ್ಲದು ಎಂದು ಮೊದಲು ಕಂಡವರು ಮೊಂಡ್ರಿಯಾನ್. ನೋಲ್ ಅವರ ಪ್ರೋಗ್ರಾಮು ಆ ಕಾಣ್ಕೆಯ ಮೇಲೆ ನಿಂತಿದೆ. ಆದರೂ ಆ 28 ಎಂಬ ಸಂಖ್ಯೆ ನನ್ನನ್ನು ಕಾಡುತ್ತದೆ. ಮನುಷ್ಯನ ಕೈಕೆಲಸದ ಗುರುತು ನಮಗೆ ತಾನಾಗಿ ಸಿಕ್ಕಿಬಿಡುತ್ತದೆ ಎಂಬ ನಂಬಿಕೆಯನ್ನು ಅದು ಅಲುಗಾಡಿಸುತ್ತದೆ.

ಇನ್ನು ಭಾವದ ಪ್ರಶ್ನೆ. ನಿಮಗೆ ತೋರಿಸಬೇಕು ಎಂದು ನನಗೆ ತುಂಬಾ ಆಸೆಯಿರುವುದು ಕಲಾವಿದೆ ವೆರಾ ಮೊಲ್ನಾರ್ ಅವರ ಕೆಲಸ. 1924ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬಾಳಿ, 2023ರ ಡಿಸೆಂಬರಿನಲ್ಲಿ ತೀರಿಕೊಂಡವರು. 1959ರಿಂದಲೇ ಅವರು ‘ಕಲ್ಪನೆಯ ಯಂತ್ರ’ ಎಂಬ ಪದ್ಧತಿಯಲ್ಲಿ ಚಿತ್ರ ಬಿಡಿಸುತ್ತಿದ್ದರು: ತಾವೇ ಒಂದು ನಿಯಮ ಬರೆದುಕೊಳ್ಳುವುದು, ಅದು ಹೇಳಿದ ಹಾಗೆ ಒಂದೊಂದೇ ಹೆಜ್ಜೆ ಬದಲಿಸುತ್ತ ಕೈಯಿಂದಲೇ ಚಿತ್ರಸರಣಿ ಮಾಡುವುದು. ನಿಜವಾದ ಕಂಪ್ಯೂಟರ್ ಅವರ ಕೈಗೆ ಸಿಕ್ಕಿದ್ದು 1968ರಲ್ಲಿ. ಅಂದರೆ ಯಂತ್ರ ಬರುವುದಕ್ಕೆ ಎಷ್ಟೋ ಮೊದಲೇ ಯೋಚನೆ ಅವರಲ್ಲಿ ಸಿದ್ಧವಾಗಿತ್ತು.

ಅವರ ತಾಯಿ ವಾರಕ್ಕೊಂದು ಪತ್ರ ಬರೆಯುತ್ತಿದ್ದರು. ತಾಯಿಯ ಅಕ್ಷರದಲ್ಲಿ ಒಂದು ವಿಶೇಷವಿತ್ತು. ಪ್ರತಿ ಸಾಲೂ ಎಡಗಡೆ ನೆಟ್ಟಗೆ, ಗಂಭೀರವಾಗಿ ಶುರುವಾಗುತ್ತಿತ್ತು. ಬಲಕ್ಕೆ ಸಾಗಿದಂತೆ ಅಕ್ಷರಕ್ಕೆ ಚಡಪಡಿಕೆ ಹತ್ತುತ್ತಿತ್ತು. ವಯಸ್ಸಾದಂತೆ ಎಡಗಡೆಯ ಗಾಂಭೀರ್ಯವೂ ಕರಗಿ ಚಡಪಡಿಕೆಯೇ ಹೆಚ್ಚಾಯಿತು. 1980ರ ದಶಕದಲ್ಲಿ ಮೊಲ್ನಾರ್ ಆ ಬರವಣಿಗೆಯನ್ನು ಕಂಪ್ಯೂಟರಿನಿಂದ ಗೆರೆಗಳಾಗಿ ಬರೆಸಿ ‘ತಾಯಿಯ ಪತ್ರಗಳು’ ಎಂಬ ಸರಣಿ ಮಾಡಿದರು. ಅದರಲ್ಲಿ ಓದಲು ಒಂದು ಪದವೂ ಇಲ್ಲ. ಎಡದಿಂದ ಬಲಕ್ಕೆ ಏರುವ ಅಂಕುಡೊಂಕು, ಸಾಲು ಮೇಲೆ ಸಾಲು, ಅಷ್ಟೇ. ಗಣಿತದ ಮಾತಿನಲ್ಲಿ ಹೇಳುವುದಾದರೆ ನೇಸ್ ಅವರ ಉಪಾಯದ ಹತ್ತಿರದ್ದೇ: ಮಿತಿ ಹಿಗ್ಗುತ್ತದೆ, ಗೆರೆ ಅಲುಗುತ್ತದೆ. ಆದರೆ ನೋಡುವವರಿಗೆ ಅಲ್ಲಿ ಮುಪ್ಪು ಕಾಣುತ್ತದೆ, ನಡುಗುವ ಕೈ ಕಾಣುತ್ತದೆ. ಅಮ್ಮನ ಅಕ್ಷರವನ್ನು ಅಷ್ಟು ವರ್ಷ ದಿಟ್ಟಿಸಿ ನೋಡಿದ ಮಗಳಿಗೆ ಮಾತ್ರ ಆ ನಿಯಮ ಹೊಳೆಯಲು ಸಾಧ್ಯ. ಭಾವ ಸಂಖ್ಯೆಯಲ್ಲಿ ಇರುವುದಿಲ್ಲ, ಸರಿ. ಬಣ್ಣದ ಡಬ್ಬಿಯಲ್ಲಿಯೂ ಇರುವುದಿಲ್ಲವಲ್ಲ ಮೇಷ್ಟ್ರೇ.

ಶ್ರಮದ ವಿಷಯಕ್ಕೆ ಬಂದರೆ ಹೆರಾಲ್ಡ್ ಕೋಹೆನ್ ಅವರನ್ನು ನೆನೆಯಬೇಕು. 1966ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಬ್ರಿಟನ್ನನ್ನು ಪ್ರತಿನಿಧಿಸಿದವರಲ್ಲಿ ಒಬ್ಬರಾದ ಈ ಚಿತ್ರಕಾರ, 1970ರ ದಶಕದ ಆರಂಭದಲ್ಲಿ ಚಿತ್ರ ಬಿಡಿಸುವ ‘ಆರನ್’ ಎಂಬ ಪ್ರೋಗ್ರಾಮು ಬರೆಯತೊಡಗಿ 2016ರಲ್ಲಿ ಸಾಯುವವರೆಗೂ ಅದನ್ನೇ ತಿದ್ದುತ್ತ ಉಳಿದರು. ಆರನ್‌ಗೆ ಅವರು ಚಿತ್ರಗಳನ್ನು ತೋರಿಸಿ ಕಲಿಸಲಿಲ್ಲ. ಮುಚ್ಚಿದ ಆಕಾರ ಎಂದರೇನು, ಒಂದರ ಮುಂದೆ ಇನ್ನೊಂದು ನಿಂತರೆ ಹಿಂದಿನದನ್ನು ಎಲ್ಲಿ ನಿಲ್ಲಿಸಬೇಕು, ಗಿಡ ಹೇಗೆ ಕವಲೊಡೆಯುತ್ತದೆ, ತೋಳು ಎಲ್ಲಿ ಮಡಚುತ್ತದೆ ಎಂದು ನಿಯಮಗಳಾಗಿ ಬರೆದರು. ಚಿತ್ರ ಬಿಡಿಸುವಾಗ ತನ್ನ ತಲೆಯಲ್ಲಿ ಏನು ನಡೆಯುತ್ತದೆ ಎಂದು ಒಬ್ಬ ಕಲಾವಿದ ತನ್ನನ್ನೇ ಇಷ್ಟು ವರ್ಷ ಕೇಳಿಕೊಂಡ ಉದಾಹರಣೆ ಬೇರೆ ನನಗೆ ಗೊತ್ತಿಲ್ಲ. ಗುಂಡಿ ಒತ್ತುವುದು ಕೊನೆಯ ಕ್ಷಣದ ಕೆಲಸ. ಅದರ ಹಿಂದೆ ನಲವತ್ತಕ್ಕೂ ಹೆಚ್ಚು ವರ್ಷದ ಬಾಳು ಇದೆ.

ಆದರೆ ನಿಮ್ಮ ಸಿಟ್ಟಿನ ನಿಜವಾದ ಗುರಿ ಇವರಲ್ಲ, ಪದ ಟೈಪಿಸಿದರೆ ಚಿತ್ರ ಕೊಡುವ ಇಂದಿನ ತಂತ್ರಾಂಶಗಳು ಎಂದು ನನ್ನ ಊಹೆ. ಅಲ್ಲಿ ನಾನು ಬಹುಪಾಲು ನಿಮ್ಮ ಕಡೆ. ಅವು ಕೆಲಸ ಮಾಡುವ ಬಗೆಯೇ ಬೇರೆ. ಬರೀ ಗದ್ದಲದಂಥ ಚುಕ್ಕೆಗಳಿಂದ ಶುರುಮಾಡಿ, ಕೊಟ್ಟ ಪದಗಳಿಗೆ ಹೊಂದುವಂತೆ ಹಂತಹಂತವಾಗಿ ಗದ್ದಲವನ್ನು ತೆಗೆಯುತ್ತ ಚಿತ್ರಕ್ಕೆ ಬರುತ್ತವೆ. ಹಾಗೆ ತೆಗೆಯುವುದನ್ನು ಅವು ಕಲಿತದ್ದು ಕೋಟಿಗಟ್ಟಲೆ ಚಿತ್ರಗಳಿಂದ. 2022ರಲ್ಲಿ ಬಂದ ‘ಲಾಯನ್-5ಬಿ’ ಎಂಬ ಒಂದೇ ಸಂಗ್ರಹದಲ್ಲಿ ಅಂತರಜಾಲದ 585 ಕೋಟಿ ಚಿತ್ರ-ವಿವರಣೆಯ ಜೋಡಿಗಳ ಕೊಂಡಿಗಳಿದ್ದವು. ಆ ಚಿತ್ರಗಳನ್ನು ಬಿಡಿಸಿದವರ ಒಪ್ಪಿಗೆ ಕೇಳಿರಲಿಲ್ಲ. ಇದು ಅನ್ಯಾಯ, ಇದನ್ನು ತಂತ್ರಜ್ಞಾನದ ಪ್ರಗತಿ ಎಂಬ ಹೆಸರಿನಲ್ಲಿ ಮುಚ್ಚಿಹಾಕಲು ಈ ಪತ್ರಿಕೆ ಸಹಾಯ ಮಾಡುವುದಿಲ್ಲ.

ಸೌಂದರ್ಯದ ಕೊರತೆಯೂ ಇದೆ. ಕೋಹೆನ್ ಅವರ ಪ್ರೋಗ್ರಾಮಿಗೆ ಕೈಯಲ್ಲಿ ಎಷ್ಟು ಬೆರಳು ಎಂದು ಹೇಳಿಕೊಡಲಾಗಿತ್ತು. ಹೊಸ ತಂತ್ರಾಂಶಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬೆರಳಿನ ಪಕ್ಕ ಬೆರಳು ಇರುತ್ತದೆ ಎಂಬುದಷ್ಟೇ ಗೊತ್ತು. ಹಾಗಾಗಿಯೇ ಮೊದಮೊದಲು ಆರು ಬೆರಳಿನ ಕೈಗಳು ಬಂದವು. ಆ ತಪ್ಪು ಈಗ ಬಹಳ ಮಟ್ಟಿಗೆ ಹೋಗಿದೆ. ಹೋಗದೆ ಉಳಿದಿರುವುದು ಒಂದು ಬಗೆಯ ನುಣುಪು. ಎಲ್ಲಿ ಯಾರೂ ಏನೂ ತೀರ್ಮಾನ ಮಾಡಿಲ್ಲವೋ ಅಲ್ಲಿ ತಂತ್ರಾಂಶ ಹೆಚ್ಚು ಸಂಭವವಾದದ್ದನ್ನೇ ತುಂಬುತ್ತದೆ. ಬೆಳಕು ಎಲ್ಲ ಕಡೆ ಚೆಂದ, ಮುಖ ಎಲ್ಲವೂ ಚೆಂದ, ನೋಡಿದ ಮರುಗಳಿಗೆ ನೆನಪಿಲ್ಲ. ಇದೇ ಉಪಕರಣ ಹಿಡಿದು ತಮ್ಮದೇ ಚಿತ್ರಗಳನ್ನು ಉಣಿಸಿ, ಬಂದ ನೂರರಲ್ಲಿ ತೊಂಬತ್ತೊಂಬತ್ತನ್ನು ಎಸೆದು, ಉಳಿದೊಂದನ್ನು ಮತ್ತೆ ಕೆಡವಿ ಕಟ್ಟುವ ಕಲಾವಿದರೂ ಇದ್ದಾರೆ. ಅವರನ್ನು ಉಳಿದವರೊಂದಿಗೆ ಒಂದೇ ಗುಂಪಿಗೆ ಸೇರಿಸಬೇಡಿ ಎಂಬುದು ನನ್ನ ಕೋರಿಕೆ.

ಮಕ್ಕಳು ಪೆನ್ಸಿಲ್ ಯಾಕೆ ಹಿಡಿಯಬೇಕು ಎಂದು ಕೇಳಿದ್ದೀರಿ. ನಿಯಮ ಬರೆಯುವವರಿಗೂ ಕಣ್ಣು ಪಳಗಿರಬೇಕು, ಕಣ್ಣು ಪಳಗುವುದು ಕೈ ಆಡಿದಾಗ. ಕಂಪ್ಯೂಟರ್ ಇಲ್ಲದೆಯೇ ನಿಮ್ಮ ತರಗತಿಯಲ್ಲಿ ಇದನ್ನು ಮಾಡಿಸಬಹುದು. ಪ್ರತಿ ಮಗುವಿಗೂ ಒಂದು ಹಾಳೆ, ಪೆನ್ಸಿಲ್, ಒಂದು ದಾಳ ಕೊಡಿ. ಹತ್ತು ಸಾಲು ಚೌಕ ಬಿಡಿಸಲಿ, ಪ್ರತಿ ಚೌಕಕ್ಕೂ ಮೊದಲು ದಾಳ ಉರುಳಿಸಲಿ, ಬಿದ್ದ ಸಂಖ್ಯೆಗೆ ತಕ್ಕಂತೆ ಚೌಕ ವಾಲಲಿ. ಎಷ್ಟು ವಾಲಬೇಕು, ಯಾವ ಸಾಲಿನಿಂದ ವಾಲಲು ಶುರುವಾಗಬೇಕು ಎಂಬ ನಿಯಮವನ್ನು ಮಾತ್ರ ಪ್ರತಿ ಮಗುವೂ ತಾನೇ ಬರೆದುಕೊಳ್ಳಲಿ. ಎಲ್ಲ ಹಾಳೆಗಳನ್ನೂ ಗೋಡೆಗೆ ಅಂಟಿಸಿ, ಯಾವುದು ಕಣ್ಣು ಹಿಡಿಯುತ್ತದೆ, ಯಾಕೆ ಎಂದು ಅವರನ್ನೇ ಕೇಳಿ. ಬೇಸರ ತರಿಸಿದ ಹಾಳೆಯ ನಿಯಮವನ್ನು ತಿದ್ದಿಸಿ ಇನ್ನೊಮ್ಮೆ ಬಿಡಿಸಿ.

ಆ ಹಾಳೆಗಳಲ್ಲಿ ಕೆಲವನ್ನು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಮೀಸಲಿಡುತ್ತೇನೆ. ಹಾಳೆಯ ಬೆನ್ನಿಗೆ ಮಗು ಬರೆದ ನಿಯಮವೂ ಇರಲಿ, ತಿದ್ದಿದ್ದರೆ ಹಳೆಯದೂ ಹೊಸದೂ ಎರಡೂ. ಚಿತ್ರದ ಪಕ್ಕದಲ್ಲೇ ಅವನ್ನೂ ಅಚ್ಚು ಹಾಕುತ್ತೇವೆ.

ವಿಶ್ವಾಸದಿಂದ,
ಸಂಪಾದಕ