ಕಾನೂನು ಸಂದೇಹ: ವಿಚಾರಣೆಗೆ ಮೊದಲೇ ದಾಖಲೆಯನ್ನು ಹೊರಗಿಡಿಸಬಹುದೇ?

ಪ್ರಶ್ನೆ: ಅಜ್ಜನ ಅಡಿಕೆ ತೋಟದಲ್ಲಿ ಪಾಲು ಕೇಳಿ 2025ರಲ್ಲಿ ಕಾಸರಗೋಡಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ್ದೇನೆ. ಪ್ರತಿವಾದಿಯಾದ ಚಿಕ್ಕಪ್ಪ, 1988ರಲ್ಲಿ ಬಿಳಿ ಕಾಗದದ ಮೇಲೆ ಕನ್ನಡದಲ್ಲಿ ಬರೆದ, ನೋಂದಣಿಯಾಗದ ಪಾಲುಪಟ್ಟಿಯೊಂದನ್ನೂ ನಾನು ಕಳಿಸಿದ್ದೆನ್ನುವ ವಾಟ್ಸ್‌ಆ್ಯಪ್ ಸಂದೇಶಗಳ ಪ್ರಿಂಟನ್ನೂ ಹಾಜರುಪಡಿಸಿದ್ದಾರೆ. ಸಾಕ್ಷಿ ವಿಚಾರಣೆಗೆ ಮೊದಲೇ ಇವನ್ನು ತೆಗೆಸಲು ಅರ್ಜಿ ಹಾಕೋಣವೆಂದರೆ ವಕೀಲರು ‘ಈಗ ಬೇಡ’ ಎನ್ನುತ್ತಾರೆ. ಅಮೆರಿಕದಲ್ಲಿರುವ ಮಗಳು ಅಲ್ಲಿ ಇದು ಮಾಮೂಲು ಎನ್ನುತ್ತಾಳೆ. ಯಾರ ಮಾತು ಸರಿ?
– ಬದಿಯಡ್ಕ ಸಮೀಪದ ಓದುಗರು

ಉತ್ತರ: ಅಮೆರಿಕದಲ್ಲಿ ಸಿವಿಲ್ ದಾವೆಗಳೂ ಜ್ಯೂರಿಯ (ತೀರ್ಮಾನ ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ತಂಡದ) ಮುಂದೆ ನಡೆಯುವುದುಂಟು, ಜ್ಯೂರಿಯ ಕಿವಿಗೆ ಬೀಳಬಾರದ್ದು ಬೀಳದಿರಲೆಂದು ಅಲ್ಲಿ ಮುಂಚಿತವಾಗಿಯೇ ಆದೇಶ ಪಡೆಯುತ್ತಾರೆ. ದಾಖಲೆಯನ್ನು ಓದುವವರೂ ತೀರ್ಪು ಕೊಡುವವರೂ ಒಬ್ಬರೇ ನ್ಯಾಯಾಧೀಶರಾಗಿರುವ ನಮ್ಮಲ್ಲಿ ಆ ಅವಸರವಿಲ್ಲ. ಅಧಿಕಾರವೇನೋ ಇದೆ: 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 3ನೇ ನಿಯಮದಂತೆ ಅಪ್ರಸ್ತುತವಾದ ಅಥವಾ ಸಾಕ್ಷ್ಯವಾಗಿ ಸಲ್ಲದ ದಾಖಲೆಯನ್ನು ನ್ಯಾಯಾಲಯವು ಕಾರಣ ಬರೆದು ಯಾವ ಹಂತದಲ್ಲಾದರೂ ತಿರಸ್ಕರಿಸಬಹುದು. ಆದರೆ 2001ರ ಬಿಪಿನ್ ಶಾಂತಿಲಾಲ್ ಪಾಂಚಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಂದೊಂದು ಆಕ್ಷೇಪಕ್ಕೂ ವಿಚಾರಣೆಯನ್ನು ನಿಲ್ಲಿಸದೆ, ಅದನ್ನು ಬರೆದುಕೊಂಡು ಅಂತಿಮ ತೀರ್ಪಿನ ವೇಳೆ ನಿರ್ಧರಿಸಬೇಕೆಂದಿತು. (2021ರಲ್ಲಿ ಕ್ರಿಮಿನಲ್ ವಿಚಾರಣೆಗಳ ಬಗ್ಗೆ ಮಾರ್ಗಸೂಚಿ ಕೊಡುವಾಗ ಅದೇ ಕೋರ್ಟು, ಈ ನಿಲುವನ್ನು ಕಡ್ಡಾಯವೆಂದು ಭಾವಿಸಬಾರದು, ಆಕ್ಷೇಪವನ್ನು ಆಗಲೇ ಇಲ್ಲವೇ ಆ ಸಾಕ್ಷಿಯ ಹೇಳಿಕೆ ಮುಗಿದಾಗ ನಿರ್ಧರಿಸಬೇಕೆಂದಿತು.) ಮುದ್ರಾಂಕ ಶುಲ್ಕದ (ಸ್ಟ್ಯಾಂಪ್ ಡ್ಯೂಟಿಯ) ಕೊರತೆಯ ಆಕ್ಷೇಪವನ್ನಂತೂ ಅದು ಬಂದ ಕೂಡಲೇ ತೀರ್ಮಾನಿಸಬೇಕು. ಈಗಲೇ ಅರ್ಜಿ ಹಾಕಿದರೆ ‘ವಿಚಾರಣೆಯಲ್ಲಿ ನೋಡೋಣ’ ಎಂಬ ಆದೇಶವಾಗಿ, ನಾಲ್ಕಾರು ವಾಯಿದೆ ಕಳೆದದ್ದಷ್ಟೇ ಫಲವಾದೀತು.

ನೀವು ಎಚ್ಚರವಾಗಿರಬೇಕಾದ ಗಳಿಗೆ ದಾಖಲೆಗೆ ಗುರುತು ಹಾಕುವ, ಅಂದರೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಂಡು ಸಂಖ್ಯೆ ಕೊಡುವ ಗಳಿಗೆ. ವಾದಿಯಾದ ನಿಮ್ಮ ಸಾಕ್ಷ್ಯವೇ ಸಾಮಾನ್ಯವಾಗಿ ಮೊದಲು ನಡೆಯುವುದರಿಂದ, ಪಾಟೀಸವಾಲಿನಲ್ಲಿ ಎದುರು ವಕೀಲರು ಪಾಲುಪಟ್ಟಿಯನ್ನು ನಿಮ್ಮ ಕೈಗಿತ್ತು ‘ಇದು ನಿಮ್ಮ ತಂದೆಯ ಸಹಿ ತಾನೇ?’ ಎಂದು ಕೇಳಿ, ನೀವು ಹೌದೆಂದ ಕೂಡಲೇ ಅದಕ್ಕೆ ‘ಬಿ 1’ (ಪ್ರತಿವಾದಿಯ ಮೊದಲ ದಾಖಲೆ) ಎಂದು ಗುರುತು ಹಾಕಿಸಿಬಿಡಬಹುದು. ಅದಕ್ಕೆ ಮೊದಲೇ ನಿಮ್ಮ ವಕೀಲರು ಎದ್ದು ಆಕ್ಷೇಪವನ್ನು ಬರೆಸಬೇಕು. ಮುದ್ರಾಂಕವಿಲ್ಲದ ದಾಖಲೆಯೂ ಒಮ್ಮೆ ಸಾಕ್ಷ್ಯವಾಗಿ ಸ್ವೀಕೃತವಾದರೆ ಅದೇ ದಾವೆಯಲ್ಲಿ ಆ ಕಾರಣಕ್ಕಾಗಿ ಮತ್ತೆ ಪ್ರಶ್ನಿಸುವಂತಿಲ್ಲವೆಂದು 1961ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. 1959ರ ಕೇರಳ ಮುದ್ರಾಂಕ ಕಾಯಿದೆಯ ನಿಲುವೂ ಅದೇ. ಆಕ್ಷೇಪಿಸಿದರೂ, ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿ ಚಿಕ್ಕಪ್ಪನವರು ಈ ದೋಷವನ್ನು ನೀಗಿಸಿಕೊಳ್ಳಬಹುದು.

ನೋಂದಣಿಯ ದೋಷ ಹಾಗೆ ಹಣ ಕಟ್ಟಿದರೆ ಹೋಗುವಂಥದ್ದಲ್ಲ. ಆ ಕಾಗದದಿಂದಲೇ ಪಾಲಾಗಿದ್ದರೆ 1908ರ ನೋಂದಣಿ ಕಾಯಿದೆಯ 49ನೇ ಕಲಮಿನಂತೆ ಅದು ಪಾಲನ್ನು ಸಾಬೀತುಪಡಿಸಲು ಸಲ್ಲದು. ಯಾರ ಸ್ವಾಧೀನ ಯಾವ ಸ್ವರೂಪದ್ದೆಂಬಂತಹ ಆನುಷಂಗಿಕ (ಪಾಲಿನಿಂದ ಬೇರೆಯಾದ ಉಪ) ವಿಷಯಕ್ಕೆ ಮಾತ್ರ ಅದನ್ನು ನೋಡಬಹುದು. ಮೊದಲೇ ಬಾಯಿಮಾತಿನಲ್ಲಿ ಆಗಿದ್ದ ಪಾಲನ್ನು ನೆನಪಿಗಾಗಿ ಬರೆದಿಟ್ಟದ್ದಾದರೆ ನೋಂದಣಿಯೇ ಬೇಕಿಲ್ಲ. ಆದುದರಿಂದ ಒಕ್ಕಣೆಯನ್ನು ಸಾವಕಾಶವಾಗಿ ಓದಿರಿ: ‘ಈ ದಿನ ಪಾಲು ಮಾಡಿಕೊಂಡಿರುತ್ತೇವೆ’ ಎಂದಿದ್ದರೆ ನಿಮಗೆ ಅನುಕೂಲ, ‘ಈ ಹಿಂದೆ ಆದ ಪಾಲಿನಂತೆ ಅನುಭವಿಸುತ್ತಾ ಬಂದಿರುತ್ತೇವೆ’ ಎಂದಿದ್ದರೆ ಅವರಿಗೆ. ಒಕ್ಕಣೆ ಅಸ್ಪಷ್ಟವಾಗಿದ್ದರೆ ಸಾಕ್ಷಿಗಳ ಮಾತು ಕೇಳದೆ ಇದನ್ನು ನಿರ್ಧರಿಸಲಾಗದು. ಮೂವತ್ತು ವರ್ಷ ದಾಟಿದ ಕಾಗದವೆಂಬ ಕಾರಣಕ್ಕೆ ಸಹಿಯ ಬಗ್ಗೆ ನ್ಯಾಯಾಲಯ ಅನುಕೂಲಕರ ಊಹೆ ಮಾಡಬಹುದಾದರೂ ನೋಂದಣಿಯ ಕೊರತೆ ಅದರಿಂದ ತುಂಬಿಬರುವುದಿಲ್ಲ.

ವಾಟ್ಸ್‌ಆ್ಯಪ್ ಪ್ರಿಂಟಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ವಿದ್ಯುನ್ಮಾನ ದಾಖಲೆಯನ್ನು ದೃಢೀಕರಿಸುವ ಪತ್ರ) ಬೇಕು. ಅದರ ಒಂದು ಭಾಗಕ್ಕೆ ಹಾಜರುಪಡಿಸುವವರೂ ಇನ್ನೊಂದಕ್ಕೆ ತಜ್ಞರೂ ಸಹಿ ಹಾಕಬೇಕು. ಅದಿಲ್ಲವೆಂಬುದು ಸಾಬೀತಿನ ವಿಧಾನಕ್ಕೆ ಸಂಬಂಧಿಸಿದ ಆಕ್ಷೇಪವಾದ್ದರಿಂದ, ಗುರುತು ಹಾಕುವಾಗ ಸುಮ್ಮನಿದ್ದು ಮೇಲ್ಮನವಿಯಲ್ಲಿ ಎತ್ತಿದರೆ ನಡೆಯದು. ಈಗಲೇ ಅರ್ಜಿ ಹಾಕಿದರೆ ಯಾವ ಕಾಗದ ಕಡಿಮೆಯಿದೆಯೆಂದು ಎದುರಾಳಿಗೆ ನೀವೇ ತಿಳಿಸಿಕೊಟ್ಟಂತೆ. ನಿಮ್ಮ ವಕೀಲರ ‘ಈಗ ಬೇಡ’ದಲ್ಲಿ ಈ ಲೆಕ್ಕಾಚಾರವೂ ಇದ್ದೀತು. ಸಂದೇಶಗಳನ್ನು ನಿಜವಾಗಿ ನೀವೇ ಕಳಿಸಿದ್ದರೆ ಅದನ್ನು ಅವರಿಗೆ ಇಂದೇ ಹೇಳಿಬಿಡಿ. ಪ್ರಮಾಣ ಮಾಡಿ ಇಲ್ಲವೆನ್ನುವಂತಿಲ್ಲ, ಪಾಟೀಸವಾಲಿನಲ್ಲಿ ನೀವು ಹೌದೆಂದ ಮೇಲೆ ಪ್ರಮಾಣಪತ್ರದ ತಕರಾರಿಗೆ ಹೆಚ್ಚು ಬಲವೂ ಉಳಿಯದು.