ಪೆಟ್ಟಿಗೆ ಪಡುವಣ ಗೋಡೆಗೇಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಯೆಹೂದಿಗಳ ಪ್ರಾರ್ಥನಾಮಂದಿರಗಳ ಬಗ್ಗೆ ‘ಸಿನಗಾಗ್‌ಗಳು ಪೂರ್ವಾಭಿಮುಖ’ ಎಂದು ಬರೆದಿದ್ದೀರಿ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ನಾನು ನೋಡಿದ ಪರದೇಸಿ ಸಿನಗಾಗ್‌ನಲ್ಲಿ ಅವರ ಧರ್ಮಗ್ರಂಥ ತೋರಾ ಇಡುವ ಪೆಟ್ಟಿಗೆ ಪಶ್ಚಿಮದ ಗೋಡೆಗಿದೆ. ಓದುವ ಕಟ್ಟೆ ಕೆಳಗೊಂದು, ಮಹಡಿಯಲ್ಲೊಂದು. ನೆಲದ ಟೈಲ್ಸ್‌ಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎಂದರು ಗೈಡ್. ವಿವರಿಸುವಿರಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಪ್ಪು ನಮ್ಮದೇ. ಸಿನಗಾಗ್ ನೋಡುವುದು ದಿಕ್ಕನ್ನಲ್ಲ, ಜೆರುಸಲೇಮನ್ನು. ಯುರೋಪಿನವರಿಗೆ ಅದು ಪೂರ್ವಕ್ಕೆ, ಕೊಚ್ಚಿಯವರಿಗೆ ಪಶ್ಚಿಮಕ್ಕೆ. ನಕ್ಷೆಯ ಮೇಲೆ ಕರಾರುವಾಕ್ಕಾಗಿ ಅಳೆದರೆ ವಾಯವ್ಯಕ್ಕೆ ಹೊರಳುತ್ತದೆ; ಕೇರಳದ ಸಿನಗಾಗ್‌ಗಳು ಅಷ್ಟು ಲೆಕ್ಕ ಹಾಕದೆ ಪಡುವಣವನ್ನೇ ಹಿಡಿದವು.

ಆ ಪೆಟ್ಟಿಗೆಗೆ ‘ಹೆಖಾಲ್’ ಎಂದು ಹೆಸರು. ನಮ್ಮ ಕಣ್ಣಿಗೆ ಅದು ಗರ್ಭಗುಡಿಯ ಹಾಗೆ ಕಂಡರೆ ಆಶ್ಚರ್ಯವಿಲ್ಲ: ಕೆತ್ತನೆಯ ಮರ, ಮುಂದೆ ಪರದೆ, ಎದುರಿಗೆ ಆರದ ದೀಪ. ಆದರೆ ಒಳಗೆ ಮೂರ್ತಿಯಿಲ್ಲ, ಇರುವುದು ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ತೋರಾ ಸುರುಳಿಗಳು. ಒಂದೊಂದಕ್ಕೂ ಬೆಳ್ಳಿ ಅಥವಾ ಚಿನ್ನದ ತಗಡು ಹೊದಿಸಿದ ಗಟ್ಟಿ ಕವಚ. ಅದರ ಮೇಲೆ ಕಿರೀಟವಿಡುವುದೂ ಉಂಟು. ಇಲ್ಲಿಯ ಒಂದು ಚಿನ್ನದ ಕಿರೀಟ ತಿರುವಾಂಕೂರು ಅರಸರ ಕಾಣಿಕೆ. ಸುರುಳಿಯಲ್ಲಿ ಒಂದೇ ಒಂದು ಅಕ್ಷರ ಉದುರಿದರೂ, ತಿದ್ದಿಸುವವರೆಗೆ ಅದನ್ನು ಸಭೆಯಲ್ಲಿ ಓದುವಂತಿಲ್ಲ. ಕರಾವಳಿಯ ತೇವಕ್ಕೆ ಚರ್ಮ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಶಾಯಿ ಬಿರಿಯುತ್ತದೆ. ಒಂದಕ್ಕಿಂತ ಹೆಚ್ಚು ಸುರುಳಿ ಇಟ್ಟುಕೊಳ್ಳುವುದು ಬರೀ ವೈಭವಕ್ಕಲ್ಲ ಎಂದು ಇದರಿಂದ ತಿಳಿದೀತು.

ಇನ್ನು ಎರಡು ಕಟ್ಟೆಗಳ ಮಾತು. ಪೆಟ್ಟಿಗೆಯಿಂದ ತೆಗೆದ ಸುರುಳಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಇಡೀ ಕಟ್ಟಡ ಬಿಡಿಸಿಕೊಳ್ಳುತ್ತದೆ. ನಡುಮನೆಯ ಮಧ್ಯೆ ಹಿತ್ತಾಳೆ ಕಂಬಿಗಳ ಕಟ್ಟೆ, ಅಂದರೆ ‘ತೇಬಾ’, ವಾರದ ದಿನಗಳ ಪ್ರಾರ್ಥನೆಗೆ. ಪೀಠಗಳು ಗೋಡೆಯ ಉದ್ದಕ್ಕೂ ಇರುವುದರಿಂದ ಜನ ಓದುವವನ ಸುತ್ತ ಕೂರುತ್ತಿದ್ದರು, ಅವನ ಎದುರಿಗೆ ಸಾಲಾಗಿ ಅಲ್ಲ. ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೂ ಹಬ್ಬಗಳಿಗೂ ಸುರುಳಿಯನ್ನು ಹೊತ್ತು ಮೆಟ್ಟಿಲು ಹತ್ತಿ, ಪೆಟ್ಟಿಗೆಗೆ ಎದುರಾಗಿರುವ ಪೂರ್ವದ ಮಹಡಿಯ ತೇಬಾದಲ್ಲಿ ಓದುತ್ತಿದ್ದರು. ಅದರ ಬೆನ್ನಿಗೇ ಜಾಲರಿ, ಜಾಲರಿಯ ಹಿಂದೆ ಹೆಂಗಸರ ಜಾಗ. ಬೇರೆ ಕಡೆ ಓದಿನಿಂದ ಅತಿ ದೂರ ಕೂರುತ್ತಿದ್ದ ಹೆಂಗಸರಿಗೆ ಇಲ್ಲಿ ಹಬ್ಬದ ಓದು ಗಂಡಸರಿಗಿಂತ ಹತ್ತಿರ! ಈ ಮಹಡಿ ತೇಬಾ ಕೇರಳದ ಸಿನಗಾಗ್‌ಗಳ ಸ್ವಂತದ್ದು. ನಮ್ಮ ಮಟ್ಟಿಗೆ, ಬೆಲ್ಜಿಯಂ ತೂಗುದೀಪಗಳಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಕಟ್ಟಡ 1568ರದು. ಕೊಚ್ಚಿ ಅರಸರು ಜಾಗ ಕೊಟ್ಟದ್ದು ತಮ್ಮ ಅರಮನೆಯ ಮಗ್ಗುಲಲ್ಲೇ. ಅರಮನೆಯ ದೇಗುಲಕ್ಕೂ ಇದಕ್ಕೂ ನಡುವೆ ಒಂದೇ ಗೋಡೆ. 1662ರಲ್ಲಿ ಪೋರ್ಚುಗೀಸರು ಹಾಳುಗೆಡವಿದರು, ಡಚ್ಚರು ಬಂದ ಮೇಲೆ ಎರಡೇ ವರ್ಷದಲ್ಲಿ ಮತ್ತೆ ಎದ್ದಿತು. ಗಡಿಯಾರದ ಗೋಪುರ 18ನೇ ಶತಮಾನದ್ದು, ವರ್ತಕ ಎಜೆಕಿಯಲ್ ರಹಾಬಿ ಕಟ್ಟಿಸಿದ್ದು. ಅದರ ಮುಖಗಳಲ್ಲಿ ಹೀಬ್ರೂ, ರೋಮನ್, ಮಲಯಾಳಂ ಅಂಕಿಗಳನ್ನು ಕಾಣಬಹುದು.

ನೀಲಿ-ಬಿಳಿ ಟೈಲ್ಸ್ ಕೂಡ ಅದೇ ಕಾಲದವು. ಚೀನಾದ ಕ್ಯಾಂಟನ್ನಿನಿಂದ ಹಡಗಿನಲ್ಲಿ ಬಂದವು. ಗೈಡ್ ಹೇಳಿದ್ದು ಅರ್ಧ ನಿಜ. ಮೂಲಚಿತ್ರಗಳು ಕೆಲವೇ, ಮತ್ತೆ ಮತ್ತೆ ಬರುತ್ತವೆ. ಬೇರೆಯಾಗಿರುವುದು ಕುಂಚದ ಎಳೆ: ಎಲ್ಲವೂ ಕೈಯಲ್ಲೇ ಬರೆದವಾದ್ದರಿಂದ ಒಂದರ ಕೊಂಬೆ ದಪ್ಪ, ಇನ್ನೊಂದರದ್ದು ತೆಳು, ಒಂದರಲ್ಲಿ ನೀಲಿ ಹರಡಿಕೊಂಡಿದೆ. ಬಾಗಿಲಲ್ಲಿ ಚಪ್ಪಲಿ ಬಿಡಿಸುವುದು ಅಲ್ಲಿಯ ಹಳೆಯ ರೂಢಿ, ಬೇರೆ ದೇಶಗಳ ಸಿನಗಾಗ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲದ್ದು. ಅದರಿಂದ ನೆಲಕ್ಕೂ ಒಳ್ಳೆಯದೇ ಆಯಿತು, ಏಕೆಂದರೆ ಟೈಲ್ಸ್‌ನ ಹೊಳಪನ್ನು ಮೊದಲು ಕೆರೆಯುವುದು ಅಂಗಾಲಲ್ಲ, ಅಟ್ಟೆಗೆ ಅಂಟಿ ಬರುವ ಮರಳು.

ಮತ್ತೊಮ್ಮೆ ಹೋಗುವುದಾದರೆ ಶುಕ್ರವಾರ ಮಧ್ಯಾಹ್ನವನ್ನೂ ಶನಿವಾರವನ್ನೂ ಬಿಡಿ, ಬಾಗಿಲು ಹಾಕಿರುತ್ತದೆ. ಒಳಗೆ ಹೋದವರು ಒಂದೇ ಚಿತ್ರದ ಎರಡು ಚೌಕ ಹುಡುಕಿ, ಕುಕ್ಕರಗಾಲಲ್ಲಿ ಕೂತು ಹೋಲಿಸಿ ನೋಡಿ.