ಅನುಭವಿ ಭಟ್ಟರಿಗೂ ಆಹಾರ ಸುರಕ್ಷತೆಯ ತರಬೇತಿ ಬೇಕೇ?

ಬೇಕು. ಹಾಸನದ ನಿಮ್ಮ ಹೋಟೆಲಿನ ಭಟ್ಟರಿಗೆ 20 ವರ್ಷಗಳ ಅನುಭವವಿದ್ದರೂ, ಆಹಾರ ಕೆಟ್ಟಿರುವುದು ಎಷ್ಟೋ ಸಲ ಮೂಗಿಗಾಗಲಿ ನಾಲಗೆಗಾಗಲಿ ತಿಳಿಯುವುದಿಲ್ಲ. ರಾತ್ರಿ ಉಳಿದ ಅನ್ನವನ್ನು ದೊಡ್ಡ ತಪ್ಪಲೆಯಲ್ಲೇ ಮುಚ್ಚಿಟ್ಟರೆ, ಮೇಲೆ ಆರಿದಂತೆ ಕಂಡರೂ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಕುದಿತಕ್ಕೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಲ್ಲಿ ಮೊಳೆತು, ಹೆಚ್ಚಿ, ಬಿಡುವ ವಿಷವು ಬೆಳಿಗ್ಗೆ ಚಿತ್ರಾನ್ನಕ್ಕೆಂದು ಮತ್ತೆ ಬಿಸಿ ಮಾಡಿದರೂ ನಾಶವಾಗದು. ಅನ್ನವನ್ನು ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಬೇಗ ಆರಿಸಿ, 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಇಡುವುದು, ಇಲ್ಲವೇ 60 ಡಿಗ್ರಿಗಿಂತ ಬಿಸಿಯಾಗಿಯೇ ಉಳಿಸುವುದು ತರಬೇತಿಯಲ್ಲಿ ಕಲಿಯಬೇಕಾದ ಮುಖ್ಯ ಪಾಠ. ಪರವಾನಗಿ ಪಡೆದ ಉದ್ದಿಮೆಯಲ್ಲಿ ಆಹಾರ ಮುಟ್ಟುವ ಪ್ರತಿ 25 ಮಂದಿಗೆ ತರಬೇತಿಯ ಪ್ರಮಾಣಪತ್ರವುಳ್ಳ ಒಬ್ಬ ಮೇಲ್ವಿಚಾರಕರಾದರೂ ಇರಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೇಳುತ್ತದೆ. ಈ ತರಬೇತಿಗೆ ಗಲ್ಲಾದಲ್ಲಿ ಕೂರುವವರಿಗಿಂತ ಭಟ್ಟರನ್ನೇ ಮೊದಲು ಕಳುಹಿಸಿ.